ನೀರಿಲ್ಲದ ಪೇಸ್ಟು: ಹಲ್ಲುಜ್ಜುವ ಮಾತ್ರೆಯ ಹಿಂದಿನ ಕಸುಬು

ಟೂತ್‌ಪೇಸ್ಟಿನ ಬದಲು ಬಾಯಿಗೆ ಹಾಕಿಕೊಂಡು ಅಗಿಯುವ ಮಾತ್ರೆ ಈಗ ನಮ್ಮಲ್ಲೂ ಸಿಗುತ್ತಿದೆ. ಬಿಳಿ ಬಣ್ಣ, ಎಂಟೊಂಬತ್ತು ಮಿಲಿಮೀಟರ್ ಅಗಲ, ಒಂದು ಗ್ರಾಮಿನ ಮೂರನೇ ಒಂದು ಪಾಲಿನಷ್ಟು ತೂಕ. ಹಲ್ಲಿನ ನಡುವೆ ಇಟ್ಟು ಕಚ್ಚಿ, ನಾಲ್ಕಾರು ಸಲ ಅಗಿದು, ಒದ್ದೆ ಬ್ರಶ್ಶಿನಿಂದ ಎಂದಿನಂತೆ ಉಜ್ಜಿದರೆ ಮುಗಿಯಿತು. ನೋಡಿದವರು ಮೊದಲು ಕೇಳುವುದು, ಇದರಿಂದ ಹಲ್ಲು ಸರಿಯಾಗಿ ಶುಚಿಯಾಗುತ್ತದೆಯೇ ಎಂದು. ಆಗುತ್ತದೆ. ಕೆಲವು ತಿಂಗಳಿಂದ ನಾನೂ ಇದನ್ನೇ ಬಳಸುತ್ತಿದ್ದೇನೆ, ನೊರೆ ಕಡಿಮೆ ಎಂಬುದೊಂದನ್ನು ಬಿಟ್ಟರೆ ಪೇಸ್ಟಿನ ನೆನಪೂ ಆಗುವುದಿಲ್ಲ.

ಆದರೆ ನನ್ನ ಮೆಚ್ಚುಗೆ ಅಷ್ಟಕ್ಕೇ ನಿಂತಿಲ್ಲ. ಈ ಮಾತ್ರೆಯನ್ನು ಮಾಡುವವರ ಮುಂದೆ ಒಂದಕ್ಕೊಂದು ವಿರುದ್ಧವಾದ ಎರಡು ಬೇಡಿಕೆಗಳಿವೆ. ಕಾರ್ಖಾನೆಯಿಂದ ಹೊರಟು, ಲಾರಿಯಲ್ಲಿ ಕುಲುಕಿ, ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತು ಮನೆಗೆ ಬರುವವರೆಗೆ ಅದರ ಅಂಚು ಮುರಿಯಬಾರದು. ಬಾಯಿಗೆ ಬಿದ್ದ ಕೂಡಲೇ ಒಂದೇ ಕಚ್ಚಿಗೆ ಪುಡಿಯಾಗಬೇಕು, ಆ ಪುಡಿ ಎಂಜಲಿನಲ್ಲಿ ಬೆರೆತು ಪೇಸ್ಟಾಗಬೇಕು. ಗಟ್ಟಿಯಾಗಿರಬೇಕು, ಹಟ ಮಾಡಬಾರದು. ಇವೆರಡನ್ನೂ ಒಂದೇ ಬಿಲ್ಲೆಯಲ್ಲಿ ಕೂರಿಸುವುದು ನಿಜವಾದ ಕಸುಬುಗಾರಿಕೆ. ಅದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ದಿನಾ ಬೆಳಿಗ್ಗೆ ಕಚ್ಚಿ ಪುಡಿಮಾಡುವ ಆ ವಸ್ತುವಿನ ಮೇಲೆ ಗೌರವ ಮೂಡದೆ ಇರದು.

ಪುಡಿ, ಟ್ಯೂಬು, ಮಾತ್ರೆ

ನೀರಿಲ್ಲದ ವಸ್ತುವಿನಿಂದ ಹಲ್ಲುಜ್ಜುವುದು ನಮಗೆ ಹೊಸದೇನಲ್ಲ. ಬೇವಿನ ಕಡ್ಡಿ, ಹೊಂಗೆ ಕಡ್ಡಿ, ಆಲದ ಬಿಳಲು, ಇದ್ದಿಲು, ಉಪ್ಪು, ಬೂದಿ, ಇವೆಲ್ಲ ಪೇಸ್ಟಿಗಿಂತ ಎಷ್ಟೋ ಹಳೆಯವು. ವೈದ್ಯ ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಕಟ್ಟಿದ ಸದ್ವೈದ್ಯಶಾಲೆಯ ಹಲ್ಲುಪುಡಿ ‘ನಂಜನಗೂಡು ಹಲ್ಲುಪುಡಿ’ ಎಂದೇ ಮನೆಮಾತಾಯಿತು. ಪುಡಿಯನ್ನು ಅಂಗೈಗೆ ಸುರಿದುಕೊಂಡು, ತೋರುಬೆರಳಿಗೆ ಹತ್ತಿಸಿಕೊಂಡು ಉಜ್ಜಿದ ತಲೆಮಾರು ಇನ್ನೂ ನಮ್ಮ ನಡುವೆಯೇ ಇದೆ. ಪುಡಿಗೆ ಇದ್ದ ತೊಂದರೆ ಎರಡು. ಒದ್ದೆ ಕೈ ತಗುಲಿದರೆ ಡಬ್ಬಿಯೊಳಗೇ ಗಂಟು ಕಟ್ಟುತ್ತಿತ್ತು. ಅಳತೆಯೂ ಇರಲಿಲ್ಲ, ಒಂದು ದಿನ ಹೆಚ್ಚು, ಇನ್ನೊಂದು ದಿನ ಕಡಿಮೆ. ಕೈಗೆ, ಬಚ್ಚಲಿಗೆ ಚೆಲ್ಲಿದ್ದು ಬೇರೆ ಲೆಕ್ಕ.

ಪೇಸ್ಟು ಬಂದು ಚೆಲ್ಲುವುದನ್ನು ತಪ್ಪಿಸಿತು. ಕೋಲ್ಗೇಟ್ ಕಂಪನಿ 1873ರಲ್ಲಿ ಪೇಸ್ಟನ್ನು ಜಾಡಿಯಲ್ಲಿ ಮಾರಲು ಶುರುಮಾಡಿತು, 1896ರಲ್ಲಿ ಹಿಸುಕುವ ಟ್ಯೂಬಿಗೆ ತುಂಬಿತು. ಆ ಟ್ಯೂಬು ಹುಟ್ಟಿದ್ದು ಮಾತ್ರ ಹಲ್ಲಿಗಾಗಿ ಅಲ್ಲ, ಚಿತ್ರಕಲೆಗಾಗಿ. ಲಂಡನ್ನಿನಲ್ಲಿ ನೆಲೆಸಿದ್ದ ಅಮೆರಿಕದ ಭಾವಚಿತ್ರಕಾರ ಜಾನ್ ಗಾಫ್ ರ‍್ಯಾಂಡ್, ತೈಲವರ್ಣ ಒಣಗದಂತೆ ಇಡಲು ತವರದ ಮೆದು ಟ್ಯೂಬನ್ನು ರೂಪಿಸಿ 1841ರಲ್ಲಿ ಪೇಟೆಂಟ್ ಪಡೆದ. ಅದಕ್ಕೆ ಮೊದಲು ಕಲಾವಿದರು ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು.

ಮಾತ್ರೆ ಒತ್ತುವ ವಿದ್ಯೆಯೂ ಒಬ್ಬ ಚಿತ್ರಕಾರನಿಂದಲೇ ಬಂದದ್ದು. ಇಂಗ್ಲೆಂಡಿನ ವಿಲಿಯಂ ಬ್ರಾಕೆಡನ್ ಕಲಾವಿದನೂ ಹೌದು, ಸಂಶೋಧಕನೂ ಹೌದು. ಪೆನ್ಸಿಲಿಗೆ ಒಳ್ಳೆಯ ಗ್ರಾಫೈಟ್ ಗಟ್ಟಿಗಳು ಸಿಗುವುದು ಕಷ್ಟವಾದಾಗ, ಗ್ರಾಫೈಟ್ ಪುಡಿಯನ್ನು ಅಂಟು ಹಾಕದೆ ಬರೀ ಒತ್ತಡದಿಂದಲೇ ಗಟ್ಟಿಮಾಡುವ ದಾರಿಯನ್ನು ಅವನು ಹುಡುಕಿದ. ಲೋಹದ ಅಚ್ಚಿನೊಳಗೆ ಪುಡಿಯಿಟ್ಟು ಎರಡು ಕಡೆಯಿಂದ ಒತ್ತುವ ವಿಧಾನಕ್ಕೆ 1843ರಲ್ಲಿ ಪೇಟೆಂಟ್ ಪಡೆದ. ಅದೇ ಅಚ್ಚಿನಲ್ಲಿ ಪೊಟ್ಯಾಸಿಯಂ ಬೈಕಾರ್ಬನೇಟಿನ ಔಷಧದ ಬಿಲ್ಲೆಗಳನ್ನೂ ಒತ್ತಿದ. ಇಂದು ನಾವು ನುಂಗುವ ಪ್ಯಾರಾಸಿಟಮಾಲಿನಿಂದ ಹಿಡಿದು ಅಗಿಯುವ ಹಲ್ಲಿನ ಮಾತ್ರೆಯವರೆಗೆ ಎಲ್ಲವೂ ಆ ಅಚ್ಚಿನ ಸಂತತಿ. ಟ್ಯೂಬು, ಮಾತ್ರೆ ಎರಡೂ ಚಿತ್ರಕಾರರ ಕೈಯಲ್ಲಿ ಎರಡೇ ವರ್ಷದ ಅಂತರದಲ್ಲಿ ರೂಪುಗೊಂಡರೂ ಹಲ್ಲಿನ ವಿಷಯದಲ್ಲಿ ಗೆದ್ದಿದ್ದು ಟ್ಯೂಬು. ಮಾತ್ರೆಗೆ ಬೇಡಿಕೆ ಹುಟ್ಟಲು ಇಪ್ಪತ್ತೊಂದನೇ ಶತಮಾನ ಬರಬೇಕಾಯಿತು. ಜರ್ಮನಿಯ ಡೆಂಟ್‌ಟ್ಯಾಬ್ಸ್, ಬ್ರಿಟನ್ನಿನ ಲಷ್ ಕಂಪನಿಗಳ ಮಾತ್ರೆಗಳು ಮೊದಮೊದಲು ಹೆಸರು ಮಾಡಿದವು. ಬಳಿಕ ಕೋಲ್ಗೇಟಿನಂಥ ದೊಡ್ಡ ಕಂಪನಿಯೂ ಈ ದಾರಿಗೆ ಬಂತು.

ಇದಕ್ಕೆ ಮುಖ್ಯ ಕಾರಣ ಟ್ಯೂಬಿನ ಕಸ. ಅನೇಕ ಟ್ಯೂಬುಗಳು ಪ್ಲಾಸ್ಟಿಕ್ಕಿನ ಪದರ, ಅದರ ನಡುವೆ ಅಲ್ಯೂಮಿನಿಯಂ ಹಾಳೆ, ಮತ್ತೆ ಪ್ಲಾಸ್ಟಿಕ್ಕು ಸೇರಿಸಿ ಒಂದಾಗಿ ಬೆಸೆದವು. ಪರಿಮಳ ಹೊರಹೋಗದಂತೆ, ಗಾಳಿ ಒಳಬಾರದಂತೆ ಕಾಯಲು ಈ ಪದರಗಳು ಬೇಕು. ಆದರೆ ಅವುಗಳನ್ನು ಬಿಡಿಸುವುದು ಕಷ್ಟ, ಒಳಗೆ ಪೇಸ್ಟು ಬೇರೆ ಮೆತ್ತಿಕೊಂಡಿರುತ್ತದೆ. ಹಾಗಾಗಿ ಗುಜರಿಯವರೂ ಅದನ್ನು ಮುಟ್ಟುವುದಿಲ್ಲ. ಒಂದೇ ಬಗೆಯ ಪ್ಲಾಸ್ಟಿಕ್ಕಿನಲ್ಲಿ ಮಾಡಿದ, ಮರುಬಳಕೆಗೆ ಒಗ್ಗುವ ಟ್ಯೂಬುಗಳು ಬರುತ್ತಿವೆ ನಿಜ. ಮಾತ್ರೆಯಾದರೋ ಟ್ಯೂಬಿನ ಅಗತ್ಯವನ್ನೇ ತೆಗೆದುಹಾಕುತ್ತದೆ.

ನೀರು ತೆಗೆದರೆ ಉಳಿಯುವುದೇನು

ಪೇಸ್ಟಿನ ತೂಕದಲ್ಲಿ ಸುಮಾರು ಶೇ 20ರಿಂದ 40ರಷ್ಟು ನೀರೇ ಇರುತ್ತದೆ. ನೀರು ಇದ್ದ ಮೇಲೆ ಅದು ಒಣಗದಂತೆ ಗ್ಲಿಸರಿನ್ ಅಥವಾ ಸಾರ್ಬಿಟಾಲ್ ಬೇಕು. ನೀರೂ ಪುಡಿಯೂ ಬೇರೆಯಾಗದಂತೆ ಹಿಡಿದಿಡಲು ಗೋಂದು ಬೇಕು. ತೇವದಲ್ಲಿ ಸೂಕ್ಷ್ಮಜೀವಿಗಳು ಬೆಳೆಯದಂತೆ ಸಂರಕ್ಷಕ ಬೇಕು. ಟ್ಯೂಬಿನೊಳಗಿನ ಸರಕಿನಲ್ಲಿ ಬಹುಪಾಲು ಹಲ್ಲಿಗೆ ಕೆಲಸ ಮಾಡುವುದಕ್ಕಿಂತ ಹೆಚ್ಚಾಗಿ ಪೇಸ್ಟನ್ನು ಪೇಸ್ಟಾಗಿ ಉಳಿಸುವ ಕೆಲಸದಲ್ಲಿ ತೊಡಗಿರುತ್ತದೆ. ನೀರನ್ನು ತೆಗೆದುಬಿಟ್ಟರೆ ಈ ಪರಿವಾರದಲ್ಲಿ ಅರ್ಧಕ್ಕರ್ಧ ಮಂದಿಗೆ ಕೆಲಸವಿಲ್ಲ. ನೀರಿನ ಕೆಲಸವನ್ನು ಬಾಯಲ್ಲಿರುವ ಎಂಜಲಿಗೇ ವಹಿಸಬಹುದು. ಸುಮ್ಮನಿರುವಾಗ ನಿಮಿಷಕ್ಕೆ ಕಾಲು, ಅರ್ಧ ಮಿಲಿಲೀಟರಿನ ನಡುವೆ ಒಸರುವ ಎಂಜಲು, ಅಗಿಯತೊಡಗಿದೊಡನೆ ಹಲವು ಪಟ್ಟು ಹೆಚ್ಚುತ್ತದೆ. ಮಾತ್ರೆಯನ್ನು ಚೀಪದೆ ಅಗಿಯಬೇಕು ಎನ್ನುವುದು ಇದಕ್ಕೇ.

ಹಾಗಾದರೆ ಮಾತ್ರೆಯೊಳಗೆ ಇರುವುದೇನು? ಕಂಪನಿಯಿಂದ ಕಂಪನಿಗೆ ಪಾಕ ಬೇರೆ. ಬೆನ್ನೆಲುಬು ಮಾತ್ರ ಹೆಚ್ಚುಕಡಿಮೆ ಒಂದೇ.

ಮೊದಲನೆಯದು ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್. ಮರದ ತಿರುಳಿನ ನಾರನ್ನು ಆಮ್ಲದಲ್ಲಿ ಸಂಸ್ಕರಿಸಿ ಪಡೆದ ನುಣುಪಾದ ಬಿಳಿಪುಡಿ ಇದು. ರುಚಿಯಿಲ್ಲ, ವಾಸನೆಯಿಲ್ಲ. 1955ರಲ್ಲಿ ಅಮೆರಿಕದಲ್ಲಿ ಕಂಡುಕೊಂಡ ಈ ವಸ್ತು ಮಾತ್ರೆ ತಯಾರಿಕೆಯ ರೀತಿಯನ್ನೇ ಬದಲಿಸಿತು. ಇದರ ಕಣಗಳು ಒತ್ತಡಕ್ಕೆ ಒಡೆಯುವುದಿಲ್ಲ, ಚಪ್ಪಟೆಯಾಗಿ ಒಂದರ ಮೈಗೊಂದು ಅಂಟಿಕೊಳ್ಳುತ್ತವೆ. ಹಾಗಾಗಿ ಬೇರೆ ಅಂಟಿಲ್ಲದೆಯೂ ಬಿಲ್ಲೆ ನಿಲ್ಲುತ್ತದೆ. ಅದೇ ಕಣಗಳು ನೀರು ಸೋಕಿದರೆ ನೀರನ್ನು ಒಳಗೆಳೆದುಕೊಂಡು ಉಬ್ಬುತ್ತವೆ, ಬಿಲ್ಲೆಯನ್ನು ಒಳಗಿನಿಂದಲೇ ಬಿಡಿಸುತ್ತವೆ. ಕಟ್ಟುವುದೂ ಇದೇ, ಬಿಚ್ಚುವುದೂ ಇದೇ. ಮಾತ್ರೆಯ ಎರಡು ವಿರುದ್ಧ ಬೇಡಿಕೆಗಳಿಗೆ ಉತ್ತರ ಸಿಕ್ಕಿದ್ದು ಬಹುಮಟ್ಟಿಗೆ ಇಲ್ಲಿ.

ಎರಡನೆಯದು ಉಜ್ಜುವ ಪುಡಿ. ಕ್ಯಾಲ್ಸಿಯಂ ಕಾರ್ಬನೇಟ್ ಅಥವಾ ಸಿಲಿಕಾ. ಹಲ್ಲಿನ ಮೇಲಿನ ಎನಾಮೆಲ್ ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ಭಾಗ. ಗಡಸುತನ ಅಳೆಯುವ ಮೋಸ್ ಮಾನದಲ್ಲಿ ಅದು ಸುಮಾರು 5, ಕ್ಯಾಲ್ಸಿಯಂ ಕಾರ್ಬನೇಟ್ 3. ಹಲ್ಲಿಗಿಂತ ಮೆದು, ಹಲ್ಲಿನ ಮೇಲಿನ ಕೊಳೆಗಿಂತ ಗಟ್ಟಿ, ಅಷ್ಟಿದ್ದರೆ ಸಾಕು. ಇಟ್ಟಿಗೆ ಪುಡಿ, ಒರಟು ಇದ್ದಿಲು ಹಲ್ಲನ್ನೇ ಸವೆಸುತ್ತಿದ್ದುದು ಈ ಲೆಕ್ಕ ಮೀರಿದ್ದರಿಂದ.

ಮೂರನೆಯದು ಸಿಹಿಯ ಗುಂಪು: ಸಾರ್ಬಿಟಾಲ್, ಮ್ಯಾನಿಟಾಲ್, ಕ್ಸೈಲಿಟಾಲ್. ಇವು ಕರಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತವೆ. ಅಗಿದ ಕ್ಷಣ ನಾಲಿಗೆಗೆ ತಟ್ಟುವ ತಂಪಿನಲ್ಲಿ ಒಂದು ಪಾಲು ನಿಜವಾದ ತಂಪೇ. ಇನ್ನೊಂದು ಪಾಲು ಪುದೀನದ ಮೆಂಥಾಲಿನದು. ಅದು ಬಾಯಿಯ ಉಷ್ಣತೆಯನ್ನು ಇಳಿಸುವುದಿಲ್ಲ, ತಂಪನ್ನು ಗುರುತಿಸುವ ನರಗಳನ್ನು ಎಬ್ಬಿಸುತ್ತದೆ. ಹುಳುಕು ತರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಹುಳಿಯಿಸಿ ಆಮ್ಲ ಮಾಡುವಂತೆ ಕ್ಸೈಲಿಟಾಲನ್ನು ಮಾಡಲಾರವು. ಫಿನ್ಲೆಂಡಿನ ಟುರ್ಕುವಿನಲ್ಲಿ 1970ರ ದಶಕದಲ್ಲಿ ನಡೆದ ಅಧ್ಯಯನಗಳಿಂದ ಇದರ ಖ್ಯಾತಿ ಹರಡಿತು.

ಉಳಿದವು ಸಣ್ಣ ಅಳತೆಯವು. ಅಡಿಗೆ ಸೋಡಾ ಮತ್ತು ಚಿಟಿಕೆ ಸಿಟ್ರಿಕ್ ಆಮ್ಲ ಎಂಜಲಿನಲ್ಲಿ ಕೂಡಿ ಸಣ್ಣಗೆ ಬುರುಗುಟ್ಟಿ ಬಿಲ್ಲೆ ಬೇಗ ಬಿಚ್ಚಿಕೊಳ್ಳಲು ನೆರವಾಗುತ್ತವೆ. ನೊರೆಗಾಗಿ, ಸೋಡಿಯಂ ಲಾರಿಲ್ ಸಲ್ಫೇಟಿನ ಬದಲು ಮೃದುವಾದ ಸೋಡಿಯಂ ಲಾರಾಯ್ಲ್ ಗ್ಲುಟಮೇಟಿನಂಥವನ್ನು ಅನೇಕರು ಬಳಸುತ್ತಾರೆ. ಹಲ್ಲುಜ್ಜಿದ ಕೂಡಲೇ ಕಿತ್ತಳೆ ರಸ ಕುಡಿದರೆ ಕಹಿಯಾಗುವುದು ಆ ಸಲ್ಫೇಟಿನ ಗುಣ. ಇವುಗಳ ಜೊತೆಗೆ ಪುದೀನ, ಲವಂಗದ ಎಣ್ಣೆಯ ಪರಿಮಳ. ಕೊನೆಗೆ ಎಲ್ಲಕ್ಕಿಂತ ಕಡಿಮೆ ಅಳತೆಯದೂ ಎಲ್ಲಕ್ಕಿಂತ ಮುಖ್ಯವಾದದ್ದೂ ಆದ ಫ್ಲೋರೈಡ್.

ಕಲಸುವ ಕೆಲಸ

ಫ್ಲೋರೈಡಿನ ಅಳತೆ ಎಷ್ಟು ಸಣ್ಣದು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. 1000 ಪಿಪಿಎಂ ಎಂದರೆ ಒಂದು ಕಿಲೋ ಪುಡಿಯಲ್ಲಿ ಒಂದು ಗ್ರಾಂ ಫ್ಲೋರೈಡ್. ಸೋಡಿಯಂ ಫ್ಲೋರೈಡಿನಲ್ಲಿ ಫ್ಲೋರೈಡಿನ ಪಾಲು ಶೇ 45ರಷ್ಟಾದ್ದರಿಂದ ಕಿಲೋಗೆ 2.2 ಗ್ರಾಂ ಹಾಕಬೇಕು. 350 ಮಿಲಿಗ್ರಾಮಿನ ಒಂದು ಮಾತ್ರೆಗೆ ಬರುವುದು ಮುಕ್ಕಾಲು ಮಿಲಿಗ್ರಾಂ ಚಿಲ್ಲರೆ. ಅಷ್ಟು ಸೂಕ್ಷ್ಮ ವಸ್ತು ಪ್ರತಿ ಮಾತ್ರೆಯಲ್ಲೂ ಸಮನಾಗಿ ಕೂರಬೇಕು. ಒಂದರಲ್ಲಿ ಇಲ್ಲವೇ ಇಲ್ಲ, ಇನ್ನೊಂದರಲ್ಲಿ ಎರಡರಷ್ಟು ಎಂದಾಗಬಾರದು.

2.2 ಗ್ರಾಮನ್ನು ಒಂದು ಕಿಲೋ ರಾಶಿಯ ಮೇಲೆ ಉದುರಿಸಿ ತಿರುವಿದರೆ ಅದು ಎಲ್ಲೋ ಒಂದು ಮೂಲೆಯಲ್ಲಿ ಉಳಿದುಬಿಡುತ್ತದೆ. ಬಲ್ಲವರು ಇದನ್ನು ಹಂತಹಂತವಾಗಿ ಮಾಡುತ್ತಾರೆ. ಎರಡು ಗ್ರಾಂ ಫ್ಲೋರೈಡಿಗೆ ಎರಡು ಗ್ರಾಂ ಪುಡಿ ಸೇರಿಸಿ ಕಲಸುವುದು, ಆದ ನಾಲ್ಕಕ್ಕೆ ಮತ್ತೆ ನಾಲ್ಕು, ಎಂಟಕ್ಕೆ ಎಂಟು. ಹೀಗೆ ಪ್ರತಿ ಸಲ ದುಪ್ಪಟ್ಟು ಮಾಡುತ್ತ ಹೋದರೆ ಒಂಬತ್ತು ಸುತ್ತಿನಲ್ಲಿ ಕಿಲೋ ದಾಟುತ್ತದೆ, ಫ್ಲೋರೈಡ್ ಎಲ್ಲೆಡೆ ಸಮನಾಗಿ ಹರಡಿರುತ್ತದೆ. ಆಯುರ್ವೇದದ ಕಲ್ಬತ್ತಿನಿಂದ ಹಿಡಿದು ಔಷಧ ಕಾರ್ಖಾನೆಯ ದೊಡ್ಡ ಮಿಕ್ಸರಿನವರೆಗೆ ಕಡಿಮೆ ಅಳತೆಯದನ್ನು ಹೆಚ್ಚಿನದರಲ್ಲಿ ಬೆರೆಸುವ ನಿಯಮ ಇದೇ.

ಕಲಸುವ ಮುನ್ನ ಜರಡಿ ಹಿಡಿಯಬೇಕು. ಗಂಟು ಒಡೆಯುವುದು ಒಂದು ಉದ್ದೇಶ, ಕಣಗಳ ಗಾತ್ರ ಹತ್ತಿರಹತ್ತಿರ ಇರುವಂತೆ ನೋಡಿಕೊಳ್ಳುವುದು ಇನ್ನೊಂದು. ದಪ್ಪ ಕಣ, ಸಣ್ಣ ಕಣ ಕೂಡಿದರೆ ಯಂತ್ರದ ಅದುರಿಗೆ ಸಣ್ಣವು ಕೆಳಗಿಳಿಯುತ್ತವೆ, ದಪ್ಪವು ಮೇಲುಳಿಯುತ್ತವೆ. ಅಷ್ಟು ಕಷ್ಟಪಟ್ಟು ಕಲಸಿದ್ದು ಮತ್ತೆ ಬೇರೆಯಾಗುತ್ತದೆ. ಪುದೀನ ಎಣ್ಣೆ ದ್ರವವಾದ್ದರಿಂದ ಅದನ್ನು ನೇರವಾಗಿ ಸುರಿಯದೆ ಸಿಲಿಕಾ ಪುಡಿಗೆ ಹೀರಿಸಿ, ಪುಡಿಯ ರೂಪದಲ್ಲೇ ಸೇರಿಸುತ್ತಾರೆ.

ಕಟ್ಟಕಡೆಗೆ ಬರುವುದು ಮೆಗ್ನೀಸಿಯಂ ಸ್ಟಿಯರೇಟ್. ಮುಟ್ಟಿದರೆ ಜಾರುವ ಪುಡಿ. ಬಿಲ್ಲೆ ಅಚ್ಚಿನ ಗೋಡೆಗೆ ಕಚ್ಚಿಕೊಳ್ಳದೆ ಹೊರಬರಲು ನೂರಕ್ಕೆ ಒಂದು ಭಾಗದಷ್ಟೋ ಅದಕ್ಕೂ ಕಡಿಮೆಯೋ ಹಾಕಿದರೆ ಸಾಕು. ಇದನ್ನು ಕೆಲವೇ ನಿಮಿಷ ಮಾತ್ರ ಕಲಸಬೇಕು. ಹೆಚ್ಚು ಹೊತ್ತು ತಿರುಗಿಸಿದರೆ ಈ ಜಿಡ್ಡು ಪ್ರತಿ ಕಣದ ಮೈಗೂ ಬಳಿದುಕೊಳ್ಳುತ್ತದೆ. ಆಗ ಕಣಗಳು ಒಂದಕ್ಕೊಂದು ಅಂಟುವುದಿಲ್ಲ, ಬಿಲ್ಲೆ ಸಡಿಲವಾಗುತ್ತದೆ. ಜಿಡ್ಡಿಗೆ ನೀರೂ ಇಳಿಯದು, ಬಾಯಲ್ಲಿ ಕರಗುವುದೂ ತಡವಾಗುತ್ತದೆ. ಉಳಿದೆಲ್ಲವನ್ನೂ ಹೆಚ್ಚು ಕಲಸಿದಷ್ಟೂ ಒಳ್ಳೆಯದು, ಇದೊಂದನ್ನು ಕಡಿಮೆ ಕಲಸಿದಷ್ಟೂ ಒಳ್ಳೆಯದು. ಕೈ ಎಲ್ಲಿ ನಿಲ್ಲಿಸಬೇಕು ಎಂಬುದು ಅನುಭವದಿಂದ ಬರುವ ವಿದ್ಯೆ.

ಅಚ್ಚಿನಲ್ಲಿ ಒಂದು ಸುತ್ತು

ಮಾತ್ರೆ ಒತ್ತುವ ಯಂತ್ರದ ನಡುವೆ ಒಂದು ದುಂಡು ಮೇಜು ತಿರುಗುತ್ತಿರುತ್ತದೆ. ಅದರ ಅಂಚಿನ ಉದ್ದಕ್ಕೂ ಸಾಲಾಗಿ ತೂತುಗಳು, ಅವೇ ಡೈಗಳು. ಪ್ರತಿ ಡೈಗೆ ಕೆಳಗಿನಿಂದ ಒಂದು ಉಕ್ಕಿನ ಪಂಚ್, ಮೇಲಿನಿಂದ ಇನ್ನೊಂದು. ಇವು ಮೇಜಿನ ಜೊತೆಗೇ ತಿರುಗುತ್ತ ಏರುತ್ತವೆ, ಇಳಿಯುತ್ತವೆ.

ಒಂದೇ ಒಂದು ಡೈಯ ಬೆನ್ನು ಹತ್ತಿ ನೋಡೋಣ. ಅದು ಪುಡಿಯ ಪೆಟ್ಟಿಗೆಯ ಅಡಿಗೆ ಬಂದಾಗ ಕೆಳಗಿನ ಪಂಚ್ ಇಳಿಯುತ್ತದೆ, ತೆರವಾದ ಜಾಗಕ್ಕೆ ಪುಡಿ ತುಂಬುತ್ತದೆ. ಬೇಕಾದುದಕ್ಕಿಂತ ತುಸು ಹೆಚ್ಚೇ ತುಂಬುತ್ತದೆ. ಆಮೇಲೆ ಪಂಚ್ ಕೊಂಚ ಮೇಲೇರಿ ಹೆಚ್ಚಿನದನ್ನು ಹೊರದೂಡುತ್ತದೆ, ಒಂದು ಪಟ್ಟಿ ಅದನ್ನು ಸವರಿ ತೆಗೆಯುತ್ತದೆ. ಯಂತ್ರಕ್ಕೆ ತಕ್ಕಡಿಯಿಲ್ಲ, ಆಳವೇ ಅದರ ತೂಕ. ಪುಡಿ ಸರಾಗವಾಗಿ ಹರಿದರೆ ಎಲ್ಲ ಡೈಗಳೂ ಸಮನಾಗಿ ತುಂಬುತ್ತವೆ, ತಡೆತಡೆದು ಹರಿದರೆ ಒಂದು ಮಾತ್ರೆ ಭಾರ, ಇನ್ನೊಂದು ಹಗುರ. ಕಾಲು ಗ್ರಾಂ ಮೀರಿದ ಔಷಧದ ಮಾತ್ರೆಗಳ ತೂಕ ಸರಾಸರಿಗಿಂತ ಶೇ 5ಕ್ಕಿಂತ ಆಚೀಚೆ ಹೋಗಬಾರದೆಂದು ಔಷಧಕೋಶಗಳು ಹೇಳುತ್ತವೆ. ಒಳ್ಳೆಯ ಹಲ್ಲಿನ ಮಾತ್ರೆ ಮಾಡುವವರ ಮುಂದಿರುವ ಆದರ್ಶವೂ ಅದೇ.

ಈಗ ಮೇಲಿನ ಪಂಚ್ ಇಳಿದು ಡೈಯೊಳಗೆ ಹೊಗುತ್ತದೆ. ಮೊದಲ ಉರುಳೆ ಹಗುರವಾಗಿ ಒತ್ತುತ್ತದೆ, ಪುಡಿಯ ನಡುವೆ ಸಿಕ್ಕಿದ್ದ ಗಾಳಿ ಹೊರಹೋಗುತ್ತದೆ. ಮರುಕ್ಷಣವೇ ದೊಡ್ಡ ಉರುಳೆ. ಒಂದು ಟನ್ನಿನ ಆಸುಪಾಸಿನ ಒತ್ತಡ ಆ ಪುಟ್ಟ ವೃತ್ತದ ಮೇಲೆ ಬೀಳುತ್ತದೆ, ಕಣ್ಣು ಮಿಟುಕಿಸುವಷ್ಟು ಹೊತ್ತೂ ಅದು ನಿಲ್ಲುವುದಿಲ್ಲ. ಅಷ್ಟರಲ್ಲಿ ಮ್ಯಾನಿಟಾಲ್, ಕ್ಯಾಲ್ಸಿಯಂ ಕಾರ್ಬನೇಟಿನ ಕಣಗಳು ಪುಡಿಪುಡಿಯಾಗಿ ಸಂದುಗಳನ್ನು ತುಂಬುತ್ತವೆ, ಸೆಲ್ಯುಲೋಸ್ ಕಣಗಳು ಚಪ್ಪಟೆಯಾಗಿ ಎಲ್ಲವನ್ನೂ ತಬ್ಬುತ್ತವೆ. ಮೇಲಿನ ಪಂಚ್ ಏಳುತ್ತದೆ, ಕೆಳಗಿನದು ಬಿಲ್ಲೆಯನ್ನು ಮೇಜಿನ ಮಟ್ಟಕ್ಕೆ ಎತ್ತಿಕೊಡುತ್ತದೆ, ಅದು ಪಕ್ಕಕ್ಕೆ ಸರಿದು ತಟ್ಟೆಗೆ ಜಾರುತ್ತದೆ. 27 ಡೈಗಳ ಮೇಜು ನಿಮಿಷಕ್ಕೆ 30 ಸುತ್ತು ತಿರುಗಿದರೆ ಗಂಟೆಗೆ 48,600 ಮಾತ್ರೆ.

ಒತ್ತಡ ಎಷ್ಟಿರಬೇಕು ಎಂಬುದೇ ಇಲ್ಲಿನ ದೊಡ್ಡ ನಿರ್ಧಾರ. ರವೆ ಉಂಡೆ ಕಟ್ಟಿದವರಿಗೆ ಈ ಸಂಕಟ ಗೊತ್ತು: ಕೈ ಸಡಿಲವಾದರೆ ಉಂಡೆ ಡಬ್ಬಿಯಲ್ಲೇ ಉದುರುತ್ತದೆ, ಬಿಗಿಯಾದರೆ ಅಜ್ಜಿಯ ಹಲ್ಲಿಗೆ ಕಲ್ಲಾಗುತ್ತದೆ. ನುಂಗುವ ಮಾತ್ರೆಯನ್ನು ಬಿಗಿಯಾಗಿ ಒತ್ತಿದರೂ ನಡೆದೀತು, ಅದನ್ನು ಬಿಚ್ಚಲು ಹೊಟ್ಟೆಗೆ ಪುರಸತ್ತಿದೆ. ಹಲ್ಲಿನ ಮಾತ್ರೆಗೆ ಸಿಗುವುದು ಕೆಲವೇ ಸೆಕೆಂಡು.

ತಪ್ಪುಗಳು ಆಗುವುದೂ ಈ ಹಂತದಲ್ಲೇ. ಗಾಳಿ ಸರಿಯಾಗಿ ಹೊರಹೋಗದಿದ್ದರೆ ಬಿಲ್ಲೆಯ ಮೇಲ್ಭಾಗ ಟೋಪಿಯ ಹಾಗೆ ಕಳಚಿಕೊಳ್ಳುತ್ತದೆ. ಅದನ್ನು ಕ್ಯಾಪಿಂಗ್ ಎನ್ನುತ್ತಾರೆ. ಯಂತ್ರದ ವೇಗ ಇಳಿಸಿ, ಮೊದಲ ಒತ್ತನ್ನು ಹೆಚ್ಚಿಸಿದರೆ ಇದು ಸರಿಹೋಗುತ್ತದೆ. ಮೆಂಥಾಲ್ ಹೆಚ್ಚಾದರೆ ಅಥವಾ ಕೋಣೆಯಲ್ಲಿ ತೇವವಿದ್ದರೆ ಪುಡಿ ಪಂಚಿನ ಮುಖಕ್ಕೆ ಮೆತ್ತಿಕೊಂಡು ಮಾತ್ರೆಯ ಮೈ ಕಿತ್ತುಬರುತ್ತದೆ. ಜೊತೆಗೆ ಅಡಿಗೆ ಸೋಡಾ, ಸಿಟ್ರಿಕ್ ಆಮ್ಲ ಎರಡೂ ಗಾಳಿಯ ತೇವಕ್ಕೇ ಕೂಡಿಕೊಳ್ಳಲು ಹೊಂಚುತ್ತವೆ. ಅದಕ್ಕಾಗಿ ಈ ಕೋಣೆಯ ಗಾಳಿಯನ್ನು ಯಂತ್ರಗಳಿಂದ ಒಣಗಿಸಿ ಇಡಬೇಕಾಗುತ್ತದೆ.

ಒತ್ತಿ ಮುಗಿದ ಮೇಲೆ ಪರೀಕ್ಷೆ. ಒಂದು ಉಪಕರಣ ಮಾತ್ರೆಯನ್ನು ಎರಡು ದವಡೆಗಳ ನಡುವೆ ಹಿಡಿದು ಎಷ್ಟು ಬಲಕ್ಕೆ ಮುರಿಯುತ್ತದೆಂದು ಅಳೆಯುತ್ತದೆ. ಇನ್ನೊಂದು ಪಾರದರ್ಶಕ ಡ್ರಮ್ಮಿನಲ್ಲಿ ಮಾತ್ರೆಗಳನ್ನು ಹಾಕಿ ನಿಮಿಷಕ್ಕೆ 25ರಂತೆ 100 ಸುತ್ತು ತಿರುಗಿಸುತ್ತಾರೆ. ಪ್ರತಿ ಸುತ್ತಿಗೂ ಅವು ಮೇಲಿನಿಂದ ಬಿದ್ದು ಉರುಳುತ್ತವೆ. ಲಾರಿ ಪ್ರಯಾಣವನ್ನು ನಾಲ್ಕು ನಿಮಿಷದಲ್ಲಿ ಮಾಡಿಸುವ ಪರೀಕ್ಷೆ ಇದು. ಮೊದಲಿಗಿಂತ ತೂಕ ಶೇ 1ಕ್ಕಿಂತ ಹೆಚ್ಚು ಇಳಿಯದಿದ್ದರೆ ಉತ್ತೀರ್ಣ.

ಬಾಯೊಳಗಿನ ಅರ್ಧ ನಿಮಿಷ

ಮೊದಲ ಸಲ ಬಳಸುವವರು ಗಮನಿಸಿ. ಮಾತ್ರೆಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಕರಗಲೆಂದು ಕಾಯಬೇಡಿ. ದವಡೆ ಹಲ್ಲಿನ ನಡುವೆ ಇಟ್ಟು ಒಮ್ಮೆ ಕಚ್ಚಿದರೆ ಪಟ್ಟೆಂದು ಒಡೆಯುತ್ತದೆ. ಮೊದಲ ಎರಡು ಅಗಿತದಲ್ಲಿ ಬಾಯಿಯೆಲ್ಲ ಒಣಪುಡಿಯಾದಂತೆ ಅನಿಸಿ ಇದೇನಪ್ಪಾ ಎಂದು ಗಾಬರಿಯಾಗುವುದು ಸಹಜ. ಮೂರನೆಯದಕ್ಕೆ ನಾಲಿಗೆಯ ಬದಿಗಳಲ್ಲಿ ತಂಪು ಏರುತ್ತದೆ. ಆರೇಳಕ್ಕೆ ಎಂಜಲು ಒಸರಿ ಪುಡಿ ನೆನೆದು ಮೆತ್ತಗಿನ ಪೇಸ್ಟಾಗಿರುತ್ತದೆ. ಆಗ ಬ್ರಶ್ಶನ್ನು ನೀರಿನಲ್ಲಿ ಅದ್ದಿ ಉಜ್ಜಲು ತೊಡಗಬೇಕು. ನೊರೆ ಬಾಯಿತುಂಬ ಬರುವುದಿಲ್ಲ, ಹಲ್ಲಿನ ಸುತ್ತ ತೆಳುವಾಗಿ ನಿಲ್ಲುತ್ತದೆ. ಇದರಿಂದ ಒಂದು ಲಾಭವೂ ಇದೆ. ನೊರೆ ತುಂಬಿದ ಬಾಯಿಯನ್ನು ಬೇಗ ಉಗುಳಲೇಬೇಕಾಗುತ್ತದೆ. ನೊರೆ ಕಡಿಮೆಯಿದ್ದರೆ ದಂತವೈದ್ಯರು ಹೇಳುವ ಎರಡು ನಿಮಿಷವನ್ನು ಪೂರ್ತಿ ಉಜ್ಜುವುದು ಸುಲಭ.

ಉಜ್ಜಿದ ಮೇಲೆ ಉಗುಳಿ, ಆದರೆ ನೀರು ತುಂಬಿಕೊಂಡು ನಾಲ್ಕಾರು ಸಲ ಮುಕ್ಕಳಿಸಬೇಡಿ. ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡ್ ಅದರೊಂದಿಗೆ ಹೊರಟುಹೋಗುತ್ತದೆ. ಪೇಸ್ಟಿಗೂ ಈ ಮಾತು ಅನ್ವಯಿಸುತ್ತದೆ. ಎಂಜಲು ಕಡಿಮೆ ಒಸರುವ ಹಿರಿಯರು, ಬಾಯಿ ಒಣಗಿಸುವ ಔಷಧ ಸೇವಿಸುವವರು ಅಗಿಯುವ ಮೊದಲು ಒಂದು ಗುಟುಕು ನೀರು ಕುಡಿದರೆ ಮಾತ್ರೆ ಸಲೀಸಾಗಿ ನೆನೆಯುತ್ತದೆ.

ಫ್ಲೋರೈಡಿನ ಲೆಕ್ಕ, ನಮ್ಮ ನಾಡಿನ ಲೆಕ್ಕ

ನಾವು ತಿಂದ ಸಕ್ಕರೆ, ಪಿಷ್ಟವನ್ನು ಬಾಯಿಯ ಸೂಕ್ಷ್ಮಜೀವಿಗಳು ಆಮ್ಲವಾಗಿಸುತ್ತವೆ. ಹಲ್ಲಿನ ಸುತ್ತಲಿನ ಪಿಎಚ್ 5.5ಕ್ಕಿಂತ ಇಳಿದರೆ ಎನಾಮೆಲಿನ ಖನಿಜ ಕರಗತೊಡಗುತ್ತದೆ. ಎಂಜಲು ಅದನ್ನು ಮತ್ತೆ ತುಂಬಿಕೊಡುತ್ತದೆ. ಹೀಗೆ ತುಂಬುವಾಗ ಹತ್ತಿರದಲ್ಲಿ ಫ್ಲೋರೈಡ್ ಇದ್ದರೆ ಹೊಸ ಖನಿಜ ಹಳೆಯದಕ್ಕಿಂತ ಗಟ್ಟಿ, ಪಿಎಚ್ 4.5ರ ಆಸುಪಾಸಿನವರೆಗೂ ಅದು ತಡೆದುಕೊಳ್ಳುತ್ತದೆ. ಹುಳುಕು ತಡೆಯುವುದು ಹೀಗೆ. ನಿತ್ಯ ಬಳಕೆಯ ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರಬಾರದೆಂಬುದು ಭಾರತದ ನಿಯಮ.

ಮಾತ್ರೆಗಳಲ್ಲಿ ಅನೇಕವು ‘ಸಂಪೂರ್ಣ ನೈಸರ್ಗಿಕ’ ಎಂಬ ಹೆಸರಿನಲ್ಲಿ ಫ್ಲೋರೈಡನ್ನೇ ಬಿಟ್ಟುಬಿಡುತ್ತವೆ. ಕೆಲವು ಅದರ ಬದಲು ಹಲ್ಲಿನ ಖನಿಜವೇ ಆದ ಹೈಡ್ರಾಕ್ಸಿಅಪಟೈಟನ್ನು ಅತಿಸೂಕ್ಷ್ಮ ಕಣಗಳಾಗಿ ಸೇರಿಸುತ್ತವೆ. ಜಪಾನಿನಲ್ಲಿ ಅಂಥ ಪೇಸ್ಟು 1980ರಿಂದ ಬಳಕೆಯಲ್ಲಿದೆ. ಆದರೆ ದಶಕಗಳ ಕಾಲ, ಕೋಟ್ಯಂತರ ಬಾಯಿಗಳಲ್ಲಿ ಪರೀಕ್ಷೆಗೆ ನಿಂತು ಗೆದ್ದಿರುವುದು ಫ್ಲೋರೈಡ್. ಹುಳುಕಿನ ತೊಂದರೆಯಿರುವವರು ಅದಿಲ್ಲದ ಮಾತ್ರೆಯನ್ನು ಆರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ನಮ್ಮ ನಾಡಿಗೇ ಸೇರಿದ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಚಿತ್ರದುರ್ಗ, ಕೊಪ್ಪಳ, ರಾಯಚೂರು, ಗದಗ ಜಿಲ್ಲೆಯ ಮುಂಡರಗಿ, ಈ ಬಯಲುಸೀಮೆಯ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದವರ ಹಲ್ಲಿನ ಮೇಲೆ ಕಂದು ಕಲೆ ಕಾಣುತ್ತದೆ, ಇನ್ನೂ ಹೆಚ್ಚಾದರೆ ಮೂಳೆಗೂ ತಟ್ಟುತ್ತದೆ. ಅಂಥ ಊರಿನ ಪುಟ್ಟ ಮಕ್ಕಳಿಗೆ, ಪೇಸ್ಟಾಗಲಿ ಮಾತ್ರೆಯಾಗಲಿ, ಫ್ಲೋರೈಡ್ ಇರುವುದನ್ನು ಕೊಡುವ ಮುನ್ನ ದಂತವೈದ್ಯರನ್ನು ಕೇಳಬೇಕು. ಉಗುಳಲು ಕಲಿಯದ ಮಕ್ಕಳು ಅದನ್ನು ನುಂಗಿಬಿಡುತ್ತಾರೆ. ಮೇಲಾಗಿ ಇಡೀ ಮಾತ್ರೆ ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕುವ ಅಪಾಯವಿದೆ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು ಪೇಸ್ಟೇ ಸರಿ.

ಕೊಳ್ಳುವವರಿಗೆ

ಮಾತ್ರೆಯ ದೊಡ್ಡ ಅನುಕೂಲ ಅಳತೆ. ಬ್ರಶ್ಶಿನ ಉದ್ದಕ್ಕೂ ಪೇಸ್ಟು ಎಳೆಯುವುದನ್ನು ಜಾಹೀರಾತುಗಳು ನಮಗೆ ಕಲಿಸಿವೆ, ಅಷ್ಟು ಬೇಕಾಗಿಯೇ ಇಲ್ಲ. ಮಾತ್ರೆಯಲ್ಲಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕೈಬೆರಳು ನೋಯುವವರಿಗೆ ಟ್ಯೂಬು ಹಿಸುಕುವ ಕಷ್ಟವಿಲ್ಲ. ವಿದೇಶಕ್ಕೆ ವಿಮಾನ ಹತ್ತುವವರಿಗೆ ಕೈಚೀಲದಲ್ಲಿ 100 ಮಿಲಿಲೀಟರ್ ದ್ರವದ ಮಿತಿ ಇದಕ್ಕೆ ತಗುಲುವುದಿಲ್ಲ. ಕುಮಾರಪರ್ವತವನ್ನೋ ಕುದುರೆಮುಖವನ್ನೋ ಏರುವವರು ಎರಡು ದಿನಕ್ಕೆ ಬೇಕಾದ ನಾಲ್ಕೇ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಒಯ್ಯಬಹುದು, ಕಾಡಿನಲ್ಲಿ ಟ್ಯೂಬು ಬಿಟ್ಟುಬರುವ ಪ್ರಮೇಯವೇ ಇಲ್ಲ.

ಅನನುಕೂಲಗಳೂ ಇವೆ. ಬೆಲೆ ಹೆಚ್ಚು. ಒಂದು ಸಲಕ್ಕೆ ಎಷ್ಟಾಯಿತೆಂದು ಲೆಕ್ಕ ಹಾಕಿದರೆ ಸಾಮಾನ್ಯ ಪೇಸ್ಟಿಗಿಂತ ಮಾತ್ರೆ ಇಂದಿಗೂ ದುಬಾರಿ. ತೇವವಂತೂ ಇದರ ಬದ್ಧವೈರಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬಾಟಲಿಯ ಮುಚ್ಚಳ ತೆರೆದಿಟ್ಟರೆ ಮಾತ್ರೆಗಳು ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಚ್ಚಲುಮನೆಯ ಒಳಗೆ ಇಡದೆ ಹೊರಗಿನ ಕಪಾಟಿನಲ್ಲಿಡಿ, ಒದ್ದೆ ಕೈ ಹಾಕಬೇಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವ ಮಾತ್ರೆಯನ್ನು ಕೊಂಡರೆ ಟ್ಯೂಬು ಬಿಟ್ಟ ಉದ್ದೇಶವೇ ಹಾಳು. ಗಾಜಿನ ಬಾಟಲಿ ಒಮ್ಮೆ ತಂದು, ಮುಂದೆ ಕಾಗದದ ಪೊಟ್ಟಣದಲ್ಲಿ ಬರುವುದನ್ನು ಅದಕ್ಕೆ ತುಂಬಿಕೊಳ್ಳುವುದು ಉತ್ತಮ.

ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಹಲ್ಲನ್ನು ಶುಚಿಮಾಡುವುದು ಬಹುಪಾಲು ಬ್ರಶ್ಶಿನ ಎಳೆಗಳು ಮತ್ತು ಅವನ್ನು ಹಿಡಿದ ಕೈ. ಮಾತ್ರೆಯಾಗಲಿ ಪೇಸ್ಟಾಗಲಿ ಹಲ್ಲುಪುಡಿಯಾಗಲಿ ಅದಕ್ಕೆ ನೆರವು ಮಾತ್ರ. ಕೊಳ್ಳುವಾಗ ಚೀಟಿಯ ಮೇಲೆ ಮೂರು ವಿಷಯಗಳನ್ನು ಓದಿ: ಫ್ಲೋರೈಡ್ ಎಷ್ಟು ಪಿಪಿಎಂ, ಯಾವ ತಾರೀಕಿನೊಳಗೆ ಬಳಸಬೇಕು, ಒಳಗೆ ಏನೇನಿದೆ. ಮೂರೂ ಸ್ಪಷ್ಟವಾಗಿ ಬರೆದಿರುವ ಒಂದು ಚಿಕ್ಕ ಬಾಟಲಿ ತಂದು, ಬೆಳಿಗ್ಗೆ ರಾತ್ರಿ ಎರಡು ಹೊತ್ತೂ, ಎರಡೆರಡು ನಿಮಿಷ ಉಜ್ಜಿ ನೋಡಿ. ಒಗ್ಗಿದರೆ ಟ್ಯೂಬನ್ನು ಬಿಡಬಹುದು, ಒಗ್ಗದಿದ್ದರೆ ಪೇಸ್ಟಿಗೇ ಮರಳಬಹುದು. ಎರಡು ಹೊತ್ತು ಉಜ್ಜುವುದನ್ನು ಮಾತ್ರ ಬಿಡಬೇಡಿ.